ಸಿಲಿಂಡರ್‌ನಲ್ಲಿ 14.2 ಕೆಜಿ, ಸೋರಿದರೆ 6 ಸಾವಿರ ಲೀಟರ್: ಅಂಗಡಿ, ಅಡುಗೆಮನೆಯವರು ತಿಳಿದಿರಬೇಕಾದ ಗ್ಯಾಸ್ ಲೆಕ್ಕ

ಬೆಳಗ್ಗೆ ಆರು ಗಂಟೆ. ಬಸ್ ಸ್ಟ್ಯಾಂಡ್ ಪಕ್ಕದ ಸಣ್ಣ ಹೋಟೆಲ್ ಅಂದ್ಕೊಳ್ಳಿ. ಮಾಲೀಕರು ಶೆಟರ್ ಎತ್ತುತ್ತಾರೆ, ಒಳಗೆ ಕಾಲಿಟ್ಟು ಕೈ ಚಾಚಿ ಲೈಟ್ ಸ್ವಿಚ್ ಒತ್ತುತ್ತಾರೆ. ದಿನಾ ಮಾಡುವ ಕೆಲಸ, ಯೋಚನೆ ಮಾಡಿ ಮಾಡುವುದಲ್ಲ. ಆದರೆ ರಾತ್ರಿ ರೆಗ್ಯುಲೇಟರ್ ಆಫ್ ಮಾಡಲು ಮರೆತಿದ್ದರೆ, ಪೈಪ್ ಸ್ವಲ್ಪ ಬಿರುಕು ಬಿಟ್ಟಿದ್ದರೆ, ಅದೇ ಸ್ವಿಚ್ ಇಡೀ ಅಂಗಡಿಯನ್ನು ಸುಡಬಹುದು.

ರಾತ್ರಿಯಿಡೀ ಸೋರಿದ ಗ್ಯಾಸ್ ಎಷ್ಟಿರಬೇಕು? ಕೆಜಿಗಟ್ಟಲೆ ಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿದರೆ ಉತ್ತರ ಬೇರೆಯೇ ಬರುತ್ತದೆ: ಕಾಲು ಕೆಜಿಯೂ ಬೇಕಿಲ್ಲ. ಈ ಲೆಕ್ಕಕ್ಕೆ ದೊಡ್ಡ ಯಂತ್ರವೂ ಬೇಡ, ದೊಡ್ಡ ಓದೂ ಬೇಡ. ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ಬರುವ ‘ಮೋಲ್’ ಅನ್ನುವ ಒಂದು ಅಳತೆ ಗೊತ್ತಿದ್ದರೆ ಸಾಕು. ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲೇ ಮುಗಿಯುತ್ತದೆ. ಅದು ಹೇಗೆ ಅಂತ ಇಲ್ಲಿದೆ.

ಕೊಳ್ಳುವುದು ಕೆಜಿಯಲ್ಲಿ, ಅಪಾಯ ಲೀಟರ್‌ನಲ್ಲಿ

ಮನೆ ಬಳಕೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಹೋಟೆಲ್, ಬೇಕರಿಗಳಿಗೆ ಕೊಡುವ ವಾಣಿಜ್ಯ ಸಿಲಿಂಡರ್‌ನಲ್ಲಿ 19 ಕೆಜಿ. ಸಿಲಿಂಡರ್ ಮೇಲ್ಭಾಗದ ಪಟ್ಟಿಯಲ್ಲಿ ಖಾಲಿ ಸಿಲಿಂಡರ್ ತೂಕವನ್ನೂ ಬರೆದಿರುತ್ತಾರೆ. ಉದಾಹರಣೆಗೆ ಅಲ್ಲಿ 15.6 ಅಂತಿದ್ದರೆ, ತುಂಬಿದ ಸಿಲಿಂಡರ್ 15.6 + 14.2 = 29.8 ಕೆಜಿ ತೂಗಬೇಕು. ಡೆಲಿವರಿಗೆ ಬಂದವರ ಹತ್ತಿರ ತೂಕ ಹಾಕಿಸಿ ನೋಡುವುದು ಗ್ರಾಹಕರ ಹಕ್ಕು. ಇಷ್ಟು ಲೆಕ್ಕ ಎಲ್ಲರಿಗೂ ಗೊತ್ತು.

ಆದರೆ ಸಿಲಿಂಡರ್ ಒಳಗೆ ಇರುವುದು ಬಹುಪಾಲು ದ್ರವ. ಒತ್ತಡ ಹಾಕಿ ಗ್ಯಾಸನ್ನು ದ್ರವ ಮಾಡಿ ತುಂಬಿರುತ್ತಾರೆ. ಅದಕ್ಕೇ ಸಿಲಿಂಡರ್ ಅಲುಗಾಡಿಸಿದರೆ ಒಳಗೆ ನೀರು ತುಳುಕಿದ ಹಾಗೆ ಕೇಳಿಸುವುದು. 14.2 ಕೆಜಿ ದ್ರವ ಸುಮಾರು 26 ಲೀಟರ್ ಜಾಗದಲ್ಲಿ ಕೂತಿರುತ್ತದೆ, ಅಂದ್ರೆ ಎರಡು ಬಕೆಟ್‌ಗಿಂತ ಕಡಿಮೆ. ಹೊರಗೆ ಬಂದ ಕೂಡಲೇ ಒತ್ತಡ ಹೋಗಿ ಅದು ಅನಿಲವಾಗಿ ಹರಡಿಕೊಳ್ಳುತ್ತದೆ. ತೂಕ ಅಷ್ಟೇ ಇರುತ್ತದೆ, ಆದರೆ ಅದು ಹಿಡಿಯುವ ಜಾಗ ನೂರಾರು ಪಟ್ಟು ಹೆಚ್ಚುತ್ತದೆ.

ಬೆಂಕಿ ಹೊತ್ತಿಕೊಳ್ಳುತ್ತದೋ ಇಲ್ಲವೋ ಅನ್ನುವುದು ಕೋಣೆಯ ಗಾಳಿಯಲ್ಲಿ ಗ್ಯಾಸ್ ಶೇಕಡಾ ಎಷ್ಟು ಬೆರೆತಿದೆ ಅನ್ನುವುದರ ಮೇಲೆ ನಿಂತಿದೆ. ಅಂದ್ರೆ ಕೆಜಿಯನ್ನು ಲೀಟರ್‌ಗೆ ಬದಲಾಯಿಸಿಕೊಳ್ಳಬೇಕು. ಆ ಕೆಲಸಕ್ಕೇ ಮೋಲ್ ಬೇಕಾಗುವುದು.

ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಲೆಕ್ಕ

ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಾದರೂ ಸಾವಿರ ಸ್ಕ್ರೂ ಕೇಳಿದರೆ ಅಂಗಡಿಯವರು ಒಂದೊಂದಾಗಿ ಎಣಿಸುತ್ತಾ ಕೂರುವುದಿಲ್ಲ. ನೂರು ಸ್ಕ್ರೂ 250 ಗ್ರಾಂ ತೂಗುತ್ತದೆ ಅಂತ ಗೊತ್ತಿದ್ದರೆ, ಎರಡೂವರೆ ಕೆಜಿ ತೂಗಿ ಕೊಟ್ಟರೆ ಸಾವಿರ ಸ್ಕ್ರೂ ಆಯಿತು. ತಕ್ಕಡಿಯೇ ಇಲ್ಲಿ ಎಣಿಸುವ ಯಂತ್ರ. ಇನ್ನೂ ದಪ್ಪ ಸ್ಕ್ರೂ ಆದರೆ ನೂರಕ್ಕೆ 600 ಗ್ರಾಂ ಇರಬಹುದು. ತೂಕ ಬದಲಾಯಿತು, ಎಣಿಕೆ ಅದೇ ನೂರು.

ಮೋಲ್ ಕೂಡ ಹೀಗೆಯೇ ಒಂದು ಎಣಿಕೆ. ಡಜನ್ ಅಂದ್ರೆ 12, ಮೋಲ್ ಅಂದ್ರೆ 6.022 ಬರೆದು ಬಿಂದುವನ್ನು 23 ಸ್ಥಾನ ಬಲಕ್ಕೆ ಸರಿಸಿದಾಗ ಬರುವ ಸಂಖ್ಯೆ. ಅಣುಗಳು ಅಷ್ಟು ಚಿಕ್ಕವು, ಅದಕ್ಕೇ ಅವುಗಳ ಡಜನ್ ಅಷ್ಟು ದೊಡ್ಡದು. ಈ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಿಲ್ಲ, ಲೆಕ್ಕದಲ್ಲಿ ಅದನ್ನು ಬಳಸುವುದೂ ಇಲ್ಲ. ಬೇಕಾಗುವುದು ಒಂದು ಮೋಲ್ ತೂಕ ಎಷ್ಟು ಅನ್ನುವುದು ಮಾತ್ರ.

ಅದನ್ನು ತಿಳಿಯುವುದು ಸುಲಭ. ಇಂಗಾಲದ ಪರಮಾಣುವಿಗೆ 12, ಜಲಜನಕಕ್ಕೆ 1, ಸಾರಜನಕಕ್ಕೆ 14, ಆಮ್ಲಜನಕಕ್ಕೆ 16. ಅಣುವಿನಲ್ಲಿ ಇವು ಎಷ್ಟೆಷ್ಟಿವೆಯೋ ಅಷ್ಟನ್ನು ಕೂಡಿದರೆ ಬರುವುದು ಒಂದು ಮೋಲ್‌ನ ತೂಕ, ಗ್ರಾಂನಲ್ಲಿ.

ಅಡುಗೆ ಅನಿಲದಲ್ಲಿ ಮುಖ್ಯವಾಗಿ ಎರಡು ಅನಿಲಗಳು ಬೆರೆತಿರುತ್ತವೆ: ಬ್ಯೂಟೇನ್ ಮತ್ತು ಪ್ರೋಪೇನ್.

- ಬ್ಯೂಟೇನ್: 4 ಇಂಗಾಲ, 10 ಜಲಜನಕ. 48 + 10 = 58 ಗ್ರಾಂ
- ಪ್ರೋಪೇನ್: 3 ಇಂಗಾಲ, 8 ಜಲಜನಕ. 36 + 8 = 44 ಗ್ರಾಂ
- ಆಮ್ಲಜನಕ: 2 ಪರಮಾಣು. 32 ಗ್ರಾಂ
- ಇಂಗಾಲದ ಡೈಆಕ್ಸೈಡ್: 12 + 32 = 44 ಗ್ರಾಂ
- ಕಾರ್ಬನ್ ಮಾನಾಕ್ಸೈಡ್: 12 + 16 = 28 ಗ್ರಾಂ
- ಗಾಳಿ: ಸಾರಜನಕ, ಆಮ್ಲಜನಕ ಬೆರೆತಿರುವುದರಿಂದ ಸರಾಸರಿ 29 ಗ್ರಾಂ

ಯಾವ ಅನಿಲವಾದರೂ ಜಾಗ ಒಂದೇ

ಸ್ಕ್ರೂ ದಪ್ಪ ಆದರೆ ಡಬ್ಬಿಯೂ ದೊಡ್ಡದು ಬೇಕು. ಅನಿಲದಲ್ಲಿ ಹಾಗಿಲ್ಲ. ಅನಿಲದ ಅಣುಗಳ ನಡುವೆ ಖಾಲಿ ಜಾಗವೇ ಹೆಚ್ಚು. ಅಣು ದೊಡ್ಡದಿರಲಿ, ಸಣ್ಣದಿರಲಿ, ಒಂದೇ ಬಿಸಿ, ಒಂದೇ ಒತ್ತಡದಲ್ಲಿ ಸಮ ಸಂಖ್ಯೆಯ ಅಣುಗಳು ಸಮ ಜಾಗವನ್ನೇ ಹಿಡಿಯುತ್ತವೆ. ಇಟಲಿಯ ಅವೊಗಾಡ್ರೊ 1811ರಲ್ಲಿ ಈ ಮಾತು ಹೇಳಿದರು. ಮೋಲ್‌ನ ಆ ದೊಡ್ಡ ಸಂಖ್ಯೆಗೆ ಅವರದೇ ಹೆಸರಿದೆ.

ಹಾಗಾದ್ರೆ ಒಂದು ಮೋಲ್ ಅನಿಲಕ್ಕೆ ಎಷ್ಟು ಜಾಗ? 25 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಸಾಮಾನ್ಯ ಗಾಳಿ ಒತ್ತಡದಲ್ಲಿ ಸುಮಾರು 24.5 ಲೀಟರ್. ಪುಸ್ತಕದಲ್ಲಿ 22.4 ಅಂತ ಓದಿದ್ದು ನೆನಪಿರುವವರು ಗಾಬರಿಯಾಗಬೇಡಿ. ಅದು ಸೊನ್ನೆ ಡಿಗ್ರಿಯ ಲೆಕ್ಕ, ಅಂದ್ರೆ ನೀರು ಮಂಜುಗಡ್ಡೆಯಾಗುವ ಚಳಿಯದ್ದು. ನಮ್ಮ ಕಡೆಯ ಅಡುಗೆಮನೆಗೆ 24.5 ಹೊಂದುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿ ಆದರೆ ಅದು 25.3 ಲೀಟರ್ ಆಗುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಸೂತ್ರ ಸಿದ್ಧ. ಗ್ಯಾಸ್ ತೂಕವನ್ನು ಗ್ರಾಂನಲ್ಲಿ ಬರೆಯಿರಿ. ಅದನ್ನು ಒಂದು ಮೋಲ್ ತೂಕದಿಂದ ಭಾಗಿಸಿ, ಎಷ್ಟು ಮೋಲ್ ಅಂತ ಸಿಗುತ್ತದೆ. ಅದನ್ನು 24.5ರಿಂದ ಗುಣಿಸಿ, ಎಷ್ಟು ಲೀಟರ್ ಅಂತ ಸಿಗುತ್ತದೆ. ಲೀಟರ್‌ನಿಂದ ತೂಕಕ್ಕೆ ಬರಬೇಕಾದರೆ ಇದನ್ನೇ ಉಲ್ಟಾ ಮಾಡಿ.

ಒಂದು ಸಿಲಿಂಡರ್ ಪೂರ್ತಿ ಸೋರಿದರೆ

ಲೆಕ್ಕ ಸುಲಭವಾಗಲಿ ಅಂತ ಗ್ಯಾಸ್ ಪೂರ್ತಿ ಬ್ಯೂಟೇನ್ ಅಂತಲೇ ಹಿಡಿಯೋಣ.

14.2 ಕೆಜಿ ಅಂದ್ರೆ 14,200 ಗ್ರಾಂ. 58ರಿಂದ ಭಾಗಿಸಿದರೆ ಸುಮಾರು 245 ಮೋಲ್. 24.5ರಿಂದ ಗುಣಿಸಿದರೆ 6,000 ಲೀಟರ್.

ಸಿಂಟೆಕ್ಸ್ ಮಾದರಿಯ ಸಾವಿರ ಲೀಟರ್ ಟ್ಯಾಂಕ್ ಮನೆ ಮೇಲೆ ಇರುತ್ತದಲ್ಲ, ಅಂಥ ಆರು ಟ್ಯಾಂಕ್ ತುಂಬುವಷ್ಟು ಗ್ಯಾಸ್. 26 ಲೀಟರ್ ದ್ರವ 6,000 ಲೀಟರ್ ಆಯಿತು, 230 ಪಟ್ಟು. ಪ್ರೋಪೇನ್ ಹೆಚ್ಚು ಬೆರೆತಿದ್ದರೆ ಇದು ಇನ್ನೂ ಜಾಸ್ತಿ. ಅರ್ಧಕ್ಕರ್ಧ ಇದ್ದರೆ 6,800 ಲೀಟರ್ ದಾಟುತ್ತದೆ. ಹೋಟೆಲಿನ 19 ಕೆಜಿ ಸಿಲಿಂಡರ್‌ಗೆ ಇದೇ ಲೆಕ್ಕ ಹಾಕಿದರೆ ಸುಮಾರು 8,000 ಲೀಟರ್.

ಎಷ್ಟು ಸೇರಿದರೆ ಹೊತ್ತಿಕೊಳ್ಳುತ್ತದೆ?

ಗ್ಯಾಸ್ ಇದ್ದ ಕೂಡಲೇ ಹೊತ್ತಿಕೊಳ್ಳುವುದಿಲ್ಲ. ಗಾಳಿಯಲ್ಲಿ ತುಂಬ ಕಡಿಮೆ ಇದ್ದರೆ ಹೊತ್ತುವುದಿಲ್ಲ, ತುಂಬ ಹೆಚ್ಚಿದ್ದರೂ ಆಮ್ಲಜನಕ ಸಾಲದೆ ಹೊತ್ತುವುದಿಲ್ಲ. ಬ್ಯೂಟೇನ್ ಗಾಳಿಯಲ್ಲಿ ಶೇ. 1.8ರಿಂದ ಶೇ. 8.4ರವರೆಗೆ ಇದ್ದಾಗ ಒಂದು ಕಿಡಿ ಸಾಕು. ಪ್ರೋಪೇನ್‌ಗೆ ಈ ಮಿತಿ ಶೇ. 2.1ರಿಂದ ಶುರುವಾಗುತ್ತದೆ. ಅಂದಾಜಿಗೆ ನೂರು ಲೀಟರ್ ಗಾಳಿಯಲ್ಲಿ ಎರಡು ಲೀಟರ್ ಗ್ಯಾಸ್.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಅಡುಗೆಮನೆ ತೆಗೆದುಕೊಳ್ಳಿ. ಒಟ್ಟು ಸಾವಿರ ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಹಾಗಾಗಿ ಕೋಣೆಯಲ್ಲಿ 28,300 ಲೀಟರ್ ಗಾಳಿ. ಅದರಲ್ಲಿ ಶೇ. 1.8 ಅಂದ್ರೆ ಸುಮಾರು 510 ಲೀಟರ್ ಗ್ಯಾಸ್. ಉಲ್ಟಾ ಲೆಕ್ಕ ಹಾಕಿ: 510 ಭಾಗಿಸು 24.5, ಸುಮಾರು 20.8 ಮೋಲ್. 58ರಿಂದ ಗುಣಿಸಿದರೆ 1,200 ಗ್ರಾಂ.

ಅಂದ್ರೆ 14.2 ಕೆಜಿ ಸಿಲಿಂಡರ್‌ನಿಂದ ಬರೀ 1.2 ಕೆಜಿ ಸೋರಿ ಕೋಣೆ ತುಂಬ ಸಮನಾಗಿ ಬೆರೆತರೆ ಇಡೀ ಕೋಣೆಯೇ ಸಿಡಿಮದ್ದಿನ ಡಬ್ಬಿ. ‘ಸಿಲಿಂಡರ್ ಖಾಲಿಯಾಗ್ತಾ ಬಂದಿದೆ, ಇನ್ನು ಸೋರಿದ್ರೂ ಏನಾಗುತ್ತೆ’ ಅನ್ನುವ ಮಾತಿಗೆ ಅರ್ಥವಿಲ್ಲ. ಖಾಲಿಯಾಗುತ್ತಾ ಬಂದ ಸಿಲಿಂಡರ್‌ನಲ್ಲೂ ಒಂದೆರಡು ಕೆಜಿ ಉಳಿದಿರಬಹುದು.

ಗ್ಯಾಸ್ ನೆಲದಲ್ಲಿ ಮಲಗುತ್ತದೆ

ಇನ್ನೂ ದೊಡ್ಡ ವಿಷಯ ಮೇಲಿನ ಪಟ್ಟಿಯಲ್ಲೇ ಇದೆ. ಗಾಳಿಯ ಒಂದು ಮೋಲ್ 29 ಗ್ರಾಂ, ಬ್ಯೂಟೇನ್ 58 ಗ್ರಾಂ. ಜಾಗ ಎರಡಕ್ಕೂ ಒಂದೇ, 24.5 ಲೀಟರ್. ಹಾಗಾದ್ರೆ ಬ್ಯೂಟೇನ್ ಗಾಳಿಗಿಂತ ಸರಿಯಾಗಿ ಎರಡು ಪಟ್ಟು ಭಾರ. ಪ್ರೋಪೇನ್ ಒಂದೂವರೆ ಪಟ್ಟು ಭಾರ.

ಹಾಗಾಗಿ ಸೋರಿದ ಅಡುಗೆ ಅನಿಲ ಮೇಲಕ್ಕೆ ಹೋಗುವುದಿಲ್ಲ. ಗಾಳಿಯಾಡದ ಕೋಣೆಯಲ್ಲಿ ಅದು ನೀರಿನ ಹಾಗೆ ನೆಲಕ್ಕಿಳಿದು ಹರಡುತ್ತದೆ. ಮೆಟ್ಟಿಲಿದ್ದರೆ ಇಳಿಯುತ್ತದೆ, ಗುಂಡಿಯಿದ್ದರೆ ತುಂಬುತ್ತದೆ, ಚರಂಡಿಯಿದ್ದರೆ ಅದರೊಳಗೆ ಸೇರುತ್ತದೆ.

ಇದನ್ನು ಇಟ್ಟುಕೊಂಡು ಮೊದಲು ಹೇಳಿದ ಹೋಟೆಲಿಗೆ ಬರೋಣ. ಅಂಗಡಿ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ರಾತ್ರಿ 9ಕ್ಕೆ ಶೆಟರ್ ಎಳೆದರು. ಪೈಪ್‌ನ ಸಣ್ಣ ಬಿರುಕಿನಿಂದ ಗಂಟೆಗೆ 20 ಗ್ರಾಂ ಗ್ಯಾಸ್ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಬೆಳಗ್ಗೆ 6ರವರೆಗೆ 9 ಗಂಟೆ, ಒಟ್ಟು 180 ಗ್ರಾಂ. 58ರಿಂದ ಭಾಗಿಸಿದರೆ 3.1 ಮೋಲ್, 24.5ರಿಂದ ಗುಣಿಸಿದರೆ 76 ಲೀಟರ್.

ಇದು ಅಂಗಡಿ ತುಂಬ ಬೆರೆತಿದ್ದರೆ ಅಪಾಯ ಇರುತ್ತಿರಲಿಲ್ಲ. ಆದರೆ ನೆಲದಿಂದ ಒಂದಡಿ ಎತ್ತರದವರೆಗೆ ಮಾತ್ರ ಹರಡಿದ್ದರೆ? ಆ ಪದರ 150 ಘನ ಅಡಿ, ಅಂದ್ರೆ 4,245 ಲೀಟರ್. ಅದರಲ್ಲಿ 76 ಲೀಟರ್ ಅಂದ್ರೆ ಶೇ. 1.79. ಹೊತ್ತಿಕೊಳ್ಳುವ ಮಿತಿ ಶೇ. 1.8. ಸರಿಯಾಗಿ ಅಂಚಿನಲ್ಲಿ ನಿಂತಿದೆ. ಸಿಲಿಂಡರ್ ಪಕ್ಕದಲ್ಲಿ, ಮೂಲೆಯಲ್ಲಿ ಇನ್ನೂ ಹೆಚ್ಚಿರುತ್ತದೆ.

180 ಗ್ರಾಂ ಅಂದ್ರೆ ಒಂದು ಲೋಟ ಸಕ್ಕರೆಯ ತೂಕ. 19 ಕೆಜಿ ಸಿಲಿಂಡರ್‌ನಲ್ಲಿ ಇಷ್ಟು ಕಡಿಮೆಯಾದರೆ ಎತ್ತಿ ನೋಡಿದವರಿಗೂ ಗೊತ್ತಾಗುವುದಿಲ್ಲ.

ನಿಜದಲ್ಲಿ ಗ್ಯಾಸ್ ಹೀಗೆ ಅಳತೆಗೆ ಕತ್ತರಿಸಿದಂತೆ ಪದರವಾಗಿ ಕೂರುವುದಿಲ್ಲ. ಸ್ವಲ್ಪ ಶೆಟರ್ ಕೆಳಗಿನ ಸಂದಿಯಿಂದ ಹೊರಗೆ ಹೋಗುತ್ತದೆ, ಸ್ವಲ್ಪ ಮೇಲಿನ ಗಾಳಿಯಲ್ಲಿ ಬೆರೆಯುತ್ತದೆ. ಆದರೆ ಬಾಗಿಲಿಗೆ ಹೊಸ್ತಿಲು ಕಟ್ಟಿರುವ, ಇಲಿ ಬರಬಾರದು ಅಂತ ಸಂದಿಗೊಂದಿ ಮುಚ್ಚಿರುವ ಅಂಗಡಿಗಳೇ ಹೆಚ್ಚು. ಲೆಕ್ಕ ತೋರಿಸುವುದು ಇಷ್ಟು: ಅಪಾಯಕ್ಕೆ ಬೇಕಾದದ್ದು ಕೆಜಿಗಟ್ಟಲೆ ಅಲ್ಲ, ಗ್ರಾಂಗಟ್ಟಲೆ.

ಮನೆಯಲ್ಲೂ ಹೀಗೇ. ಹಾಲು ಉಕ್ಕಿ ಒಲೆ ಆರಿತು, ಯಾರೂ ನೋಡಲಿಲ್ಲ ಅಂದ್ಕೊಳ್ಳಿ. ದೊಡ್ಡ ಬರ್ನರ್ ಗಂಟೆಗೆ ಅಂದಾಜು 150 ಗ್ರಾಂ ಗ್ಯಾಸ್ ಬಿಡುತ್ತದೆ. ಹತ್ತಡಿ ಚದರದ ಅಡುಗೆಮನೆಯ ನೆಲದ ಒಂದಡಿ ಪದರಕ್ಕೆ 120 ಗ್ರಾಂ ಸಾಕು. ಬಾಗಿಲು, ಕಿಟಕಿ ಹಾಕಿದ್ದರೆ ಒಂದು ಗಂಟೆಯೊಳಗೇ ಅಪಾಯದ ಮಟ್ಟ.

ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಸುವ ಅಕ್ರಮ ದಂಧೆ ಯಾಕೆ ಅಷ್ಟು ಅಪಾಯ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಒಂದೇ ಒಂದು ಗ್ರಾಂ ಗ್ಯಾಸ್ ಸುಮಾರು 23 ಲೀಟರ್ ಗಾಳಿಯನ್ನು ಹೊತ್ತಿಕೊಳ್ಳುವ ಹಾಗೆ ಮಾಡಬಲ್ಲದು. ತುಂಬಿಸುವಾಗ ನೂರು ಗ್ರಾಂ ಹೊರಗೆ ಹೋದರೆ 2,300 ಲೀಟರ್.

ಎಕ್ಸಾಸ್ಟ್ ಫ್ಯಾನ್ ಮೇಲಿದೆ, ಸಾಲದಾ?

ಸಾಲದು. ಎಕ್ಸಾಸ್ಟ್ ಫ್ಯಾನ್ ಇರುವುದು ಸೂರಿನ ಹತ್ತಿರ. ಒಲೆ ಉರಿಯುವಾಗ ಬರುವ ಬಿಸಿ ಹೊಗೆ, ಹಬೆ ಮೇಲೇರುತ್ತದೆ, ಅದಕ್ಕೆ ಆ ಫ್ಯಾನ್ ಸರಿ. ಸೋರಿದ ಗ್ಯಾಸ್ ತಣ್ಣಗಿರುತ್ತದೆ, ಭಾರವೂ ಇರುತ್ತದೆ, ನೆಲದಲ್ಲೇ ಇರುತ್ತದೆ. ಅದು ಹೋಗಲು ನೆಲದ ಮಟ್ಟದಲ್ಲಿ ಗೋಡೆಗೆ ಜಾಲರಿ ಇರುವ ಕಿಂಡಿ ಬೇಕು. ಹೊಸದಾಗಿ ಅಡುಗೆಮನೆ ಕಟ್ಟಿಸುವವರು, ಹೋಟೆಲ್ ರಿಪೇರಿ ಮಾಡಿಸುವವರು ಮೇಸ್ತ್ರಿಗೆ ಇದೊಂದು ಮಾತು ಹೇಳಿದರೆ ಖರ್ಚು ಹೆಚ್ಚೇನೂ ಆಗುವುದಿಲ್ಲ. ಸಿಲಿಂಡರನ್ನು ನೆಲಮಾಳಿಗೆಯಲ್ಲಿ, ನೆಲಕ್ಕಿಂತ ತಗ್ಗಾದ ಜಾಗದಲ್ಲಿ ಇಡಬಾರದು ಅನ್ನುವುದೂ ಇದೇ ಕಾರಣಕ್ಕೆ.

ರಾಜ್ಯದ ಕೆಲವು ಊರುಗಳಿಗೆ ಈಗ ಪೈಪ್ ಗ್ಯಾಸ್ ಬಂದಿದೆ. ಅದು ಮೀಥೇನ್: ಒಂದು ಇಂಗಾಲ, ನಾಲ್ಕು ಜಲಜನಕ, ಮೋಲ್‌ಗೆ 16 ಗ್ರಾಂ. ಗಾಳಿಯ 29ಕ್ಕಿಂತ ಹಗುರ, ಹಾಗಾಗಿ ಸೋರಿದರೆ ಮೇಲಕ್ಕೆ ಹೋಗಿ ಸೂರಿನಡಿ ಸೇರುತ್ತದೆ. ಅಲ್ಲಿ ಕಿಂಡಿ ಮೇಲಿರಬೇಕು. ಗ್ಯಾಸ್ ಸೋರಿಕೆ ಹೇಳುವ ಅಲಾರಂ ಹಾಕಿಸುವವರಿಗೂ ಇದೇ ಮಾತು: ಸಿಲಿಂಡರ್ ಗ್ಯಾಸ್‌ಗೆ ಅಲಾರಂ ನೆಲದ ಹತ್ತಿರ, ಪೈಪ್ ಗ್ಯಾಸ್‌ಗೆ ಸೂರಿನ ಹತ್ತಿರ.

ವಾಸನೆ ಬರುತ್ತದಲ್ಲ?

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಅಪಾಯದ ಮಿತಿಯ ಐದರಲ್ಲಿ ಒಂದು ಪಾಲು ಸೇರುವಷ್ಟರಲ್ಲೇ ಮೂಗಿಗೆ ತಿಳಿಯುವಷ್ಟು ಅದು ಇರುತ್ತದೆ. ಆದರೆ ಗ್ಯಾಸ್ ನೆಲದಲ್ಲಿದ್ದು ಮೂಗು ಐದಡಿ ಮೇಲಿದ್ದರೆ, ನೆಗಡಿ ಆಗಿದ್ದರೆ, ಊದುಬತ್ತಿ ಹೊಗೆ ತುಂಬಿದ್ದರೆ ವಾಸನೆ ತಪ್ಪಿಹೋಗಬಹುದು. ಶೆಟರ್ ಎತ್ತಿದ ಕೂಡಲೇ ಒಂದು ನಿಮಿಷ ಹೊರಗೇ ನಿಂತು, ಬಗ್ಗಿ ವಾಸನೆ ನೋಡಿ ಒಳಗೆ ಹೋಗುವುದು ಒಳ್ಳೆಯ ಅಭ್ಯಾಸ.

ಸೋರದೆ ಉರಿದರೂ ಲೆಕ್ಕ ಇದೆ

ಮೋಲ್ ಲೆಕ್ಕ ಸೋರಿಕೆಗೆ ಮಾತ್ರ ಅಲ್ಲ. ಗ್ಯಾಸ್ ಸರಿಯಾಗಿ ಉರಿಯುವಾಗಲೂ ಕೋಣೆಯ ಗಾಳಿಯಲ್ಲಿ ಏನಾಗುತ್ತದೆ ಅಂತ ಇದೇ ಹೇಳುತ್ತದೆ.

ಒಂದು ಮೋಲ್ ಬ್ಯೂಟೇನ್ ಪೂರ್ತಿ ಉರಿಯಲು ಆರೂವರೆ ಮೋಲ್ ಆಮ್ಲಜನಕ ಬೇಕು. ಅದರಿಂದ 4 ಮೋಲ್ ಇಂಗಾಲದ ಡೈಆಕ್ಸೈಡ್, 5 ಮೋಲ್ ನೀರಿನ ಹಬೆ ಬರುತ್ತದೆ. ಒಂದು ಕೆಜಿ ಗ್ಯಾಸ್‌ಗೆ ಲೆಕ್ಕ ಹಾಕಿದರೆ 17.2 ಮೋಲ್ ಬ್ಯೂಟೇನ್, 112 ಮೋಲ್ ಆಮ್ಲಜನಕ, ಅಂದ್ರೆ ಸುಮಾರು 2,750 ಲೀಟರ್ ಆಮ್ಲಜನಕ. ಗಾಳಿಯಲ್ಲಿ ಆಮ್ಲಜನಕ ಶೇ. 21 ಮಾತ್ರ ಇರುವುದರಿಂದ ಇದಕ್ಕೆ 13,000 ಲೀಟರ್ ಗಾಳಿ ಬೇಕು. ಹತ್ತಡಿ ಅಡುಗೆಮನೆಯಲ್ಲಿ ಇರುವ ಗಾಳಿಯ ಹತ್ತಿರ ಹತ್ತಿರ ಅರ್ಧ.

14.2 ಕೆಜಿ ಸಿಲಿಂಡರ್ ಪೂರ್ತಿ ಉರಿದು ಮುಗಿದಾಗ ಸುಮಾರು 43 ಕೆಜಿ ಇಂಗಾಲದ ಡೈಆಕ್ಸೈಡ್, 22 ಕೆಜಿ ನೀರು ಹೊರಬಿದ್ದಿರುತ್ತದೆ. ಹದಿನಾಲ್ಕು ಕೆಜಿಯಿಂದ ಅರವತ್ತೈದು ಕೆಜಿ ಹೇಗೆ ಬಂತು ಅಂತೀರಾ? ಉಳಿದ 51 ಕೆಜಿ ಗಾಳಿಯಿಂದ ಬಂದ ಆಮ್ಲಜನಕ. ಚಳಿಗಾಲದಲ್ಲಿ ಅಡುಗೆಮನೆಯ ಕಿಟಕಿ ಗಾಜು ಬೆವರುವುದಕ್ಕೆ ಕುದಿಯುವ ಸಾರು ಮಾತ್ರ ಕಾರಣವಲ್ಲ, ಗ್ಯಾಸ್ ಉರಿದು ಹುಟ್ಟಿದ ನೀರೂ ಕಾರಣ.

ಬಚ್ಚಲುಮನೆಯ ಗ್ಯಾಸ್ ಗೀಸರ್

ಅಡುಗೆಮನೆಯಲ್ಲಿ ಕಿಟಕಿ ಇರುತ್ತದೆ, ಬಾಗಿಲು ತೆರೆದಿರುತ್ತದೆ. ಬಚ್ಚಲುಮನೆಯಲ್ಲಿ ಹಾಗಿಲ್ಲ. ಗ್ಯಾಸ್ ಗೀಸರ್‌ನಿಂದ ಉಸಿರುಗಟ್ಟಿ ಸತ್ತವರ ಸುದ್ದಿ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಅದರ ಹಿಂದಿರುವ ಲೆಕ್ಕ ನೋಡಿ.

ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲು: 192 ಘನ ಅಡಿ, ಸುಮಾರು 5,430 ಲೀಟರ್ ಗಾಳಿ. ಅದರಲ್ಲಿ ಆಮ್ಲಜನಕ 1,140 ಲೀಟರ್. ಗೀಸರ್ ಒಲೆಗಿಂತ ಹಲವು ಪಟ್ಟು ವೇಗವಾಗಿ ಗ್ಯಾಸ್ ಉರಿಸುತ್ತದೆ. ಹದಿನೈದು ನಿಮಿಷದಲ್ಲಿ 200 ಗ್ರಾಂ ಸುಲಭವಾಗಿ ಖರ್ಚಾಗುತ್ತದೆ. 200 ಗ್ರಾಂ ಅಂದ್ರೆ 3.45 ಮೋಲ್. ಅದಕ್ಕೆ ಬೇಕಾದ ಆಮ್ಲಜನಕ 22.4 ಮೋಲ್, ಅಂದ್ರೆ 550 ಲೀಟರ್. ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದರೆ ಒಳಗಿದ್ದ ಆಮ್ಲಜನಕದಲ್ಲಿ ಹತ್ತಿರ ಅರ್ಧ ಗೀಸರ್ ಪಾಲು.

ಅಷ್ಟರವರೆಗೆ ಬೆಂಕಿಯೂ ಸುಮ್ಮನಿರುವುದಿಲ್ಲ. ಆಮ್ಲಜನಕ ಸಾಲದಾದಾಗ ಇಂಗಾಲಕ್ಕೆ ಎರಡು ಆಮ್ಲಜನಕ ಪರಮಾಣು ಸಿಗುವ ಬದಲು ಒಂದೇ ಸಿಗುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಮರ್ಕ್ಯಾಪ್ಟನ್ ಕೂಡ ಉರಿದುಹೋಗಿರುವುದರಿಂದ ಮೂಗಿಗೆ ಏನೂ ತಿಳಿಯುವುದಿಲ್ಲ. ಮೋಲ್‌ಗೆ 28 ಗ್ರಾಂ, ಗಾಳಿಯ 29ಕ್ಕೆ ಹೆಚ್ಚು ಕಡಿಮೆ ಸಮ. ಹಾಗಾಗಿ ಅದು ನೆಲಕ್ಕಿಳಿಯದೆ, ಸೂರಿಗೇರದೆ, ಉಸಿರಾಡುವ ಗಾಳಿಯಲ್ಲೇ ಬೆರೆತಿರುತ್ತದೆ.

ಆ 200 ಗ್ರಾಂ ಗ್ಯಾಸ್‌ನಲ್ಲಿ 13.8 ಮೋಲ್ ಇಂಗಾಲ ಇದೆ. ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಹೀಗೆ ಅರೆಬರೆ ಉರಿದರೂ 0.69 ಮೋಲ್ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ತೂಕ 19 ಗ್ರಾಂ, ಜಾಗ 17 ಲೀಟರ್. ಆ ಬಚ್ಚಲಿನ ಗಾಳಿಯಲ್ಲಿ ಅದು ಶೇ. 0.3. ಅಷ್ಟು ಪ್ರಮಾಣ ಅರ್ಧ ಗಂಟೆಯೊಳಗೆ ಜೀವ ತೆಗೆಯಬಲ್ಲದು. ಮೊದಲು ತಲೆನೋವು, ತಲೆ ಸುತ್ತು, ಕೈಕಾಲು ಸೋಲುವುದು. ಬಾಗಿಲು ತೆಗೆಯೋಣ ಅನ್ನಿಸುವಷ್ಟರಲ್ಲಿ ಎದ್ದು ನಿಲ್ಲುವ ಶಕ್ತಿ ಇರುವುದಿಲ್ಲ.

ಹಾಗಾಗಿ ಗ್ಯಾಸ್ ಗೀಸರ್ ಇರಬೇಕಾದ್ದು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ. ನೀರು ಮಾತ್ರ ಪೈಪ್‌ನಲ್ಲಿ ಒಳಗೆ ಬರಲಿ. ಒಳಗೇ ಇದ್ದರೆ ಮೊದಲು ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಸ್ನಾನ ಮಾಡುವ ದಿನ, ಅಂದ್ರೆ ಹಬ್ಬದ ದಿನ, ಮದುವೆ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಮೊದಲಿನವರು ಉರಿಸಿದ ಗಾಳಿಯಲ್ಲೇ ಎರಡನೆಯವರು ಉಸಿರಾಡಬೇಕಾಗುತ್ತದೆ.

ಒಲೆಯಲ್ಲೂ ಇದರ ಸೂಚನೆ ಕಣ್ಣಿಗೇ ಕಾಣುತ್ತದೆ. ಉರಿ ನೀಲಿಯಾಗಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿದೆ. ಹಳದಿಯಾಗಿದ್ದು ಪಾತ್ರೆ ತಳ ಮಸಿಯಾಗುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಬರ್ನರ್ ತೂತು ಕಟ್ಟಿರಬಹುದು. ಬಿಚ್ಚಿ ತೊಳೆಯಿರಿ, ಇಲ್ಲವೇ ರಿಪೇರಿಯವರನ್ನು ಕರೆಸಿ. ಗ್ಯಾಸೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ವಾಸನೆ ಬಂದಾಗ ಏನು ಮಾಡಬೇಕು?

- ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಆನ್ ಮಾಡಿದರೂ ಕಿಡಿ, ಆಫ್ ಮಾಡಿದರೂ ಕಿಡಿ. ಎಕ್ಸಾಸ್ಟ್ ಫ್ಯಾನ್ ಹಾಕುವುದೂ ಬೇಡ.
- ಬಾಗಿಲು, ಕಿಟಕಿ, ಶೆಟರ್ ಪೂರ್ತಿ ತೆಗೆಯಿರಿ. ನೆಲದಲ್ಲಿರುವ ಗ್ಯಾಸ್ ಬಾಗಿಲ ಮೂಲಕವೇ ಹೊರಗೆ ಹೋಗಬೇಕು.
- ಕೈಗೆ ಸಿಗುವಂತಿದ್ದರೆ ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ ಸಿಲಿಂಡರ್‌ಗೆ ಸೇಫ್ಟಿ ಕ್ಯಾಪ್ ಹಾಕಿ.
- ಫ್ರಿಜ್ ನೆನಪಿರಲಿ. ಅದು ತಾನಾಗಿಯೇ ಆನ್, ಆಫ್ ಆಗುತ್ತದೆ, ಆಗಲೂ ಕಿಡಿ ಬರಬಹುದು. ಅದರ ಪ್ಲಗ್ ಕೀಳಲು ಹೋಗದೆ ಎಲ್ಲರೂ ಬೇಗ ಹೊರಗೆ ಬನ್ನಿ. ಮೈನ್ ಸ್ವಿಚ್ ಕಟ್ಟಡದ ಹೊರಗಿದ್ದರೆ ಮಾತ್ರ ಆಫ್ ಮಾಡಿ.
- ಹೊರಗೆ ದೂರ ಹೋಗಿ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ 1906. ಬೆಂಕಿ ಹತ್ತಿದ್ದರೆ 112 ಅಥವಾ 101.
- ಬಚ್ಚಲಲ್ಲಿ ಯಾರಾದರೂ ಕುಸಿದಿದ್ದರೆ ಮೊದಲು ಬಾಗಿಲು ತೆಗೆದು ತೆರೆದ ಗಾಳಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ.
- ಸೋರಿಕೆ ಹುಡುಕಲು ಕಡ್ಡಿ ಗೀರಬೇಡಿ. ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದ ಕಡೆ ಸೋರುತ್ತಿದೆ ಅಂತ ಅರ್ಥ.

ದಿನದ ಕೊನೆಗೆ ಒಂದು ತಿರುವು

ಅಂಗಡಿ ಮುಚ್ಚುವಾಗ ಗಲ್ಲಾ ಪೆಟ್ಟಿಗೆಗೆ ಬೀಗ ಹಾಕಿದ್ದು ಸರಿಯಾಗಿದೆಯಾ ಅಂತ ಎರಡು ಸಲ ಎಳೆದು ನೋಡುತ್ತಾರೆ. ರೆಗ್ಯುಲೇಟರ್ ಗುಂಡಿಯನ್ನೂ ಹಾಗೆ ಒಮ್ಮೆ ತಿರುಗಿಸಿ ನೋಡಿದರೆ ರಾತ್ರಿಯ 180 ಗ್ರಾಂ ಸೋರುವುದೇ ಇಲ್ಲ. ಒಲೆಯ ನಾಬ್ ಆಫ್ ಮಾಡಿದರೆ ಸಾಲದು. ಬಿರುಕು ಬಿಡುವುದು ಪೈಪ್, ಅದು ಇರುವುದು ರೆಗ್ಯುಲೇಟರ್ ಮತ್ತು ಒಲೆಯ ನಡುವೆ.

ಹೊಸ ಸಿಲಿಂಡರ್ ಬಂದಾಗ ತೂಕದ ಜತೆ ಇನ್ನೆರಡು ನೋಡಿ. ಬಾಯಿಯ ರಬ್ಬರ್ ವಾಷರ್ ಸರಿ ಇದೆಯಾ ಅಂತ. ಪಟ್ಟಿಯ ಮೇಲೆ ಬರೆದಿರುವ ಮುಂದಿನ ಪರೀಕ್ಷೆಯ ಅವಧಿ ಮುಗಿದಿಲ್ಲವಾ ಅಂತ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಅಂದ್ರೆ ಏಪ್ರಿಲ್‌ನಿಂದ ಜೂನ್, ಸಿ ಅಂದ್ರೆ ಜುಲೈನಿಂದ ಸೆಪ್ಟೆಂಬರ್, ಡಿ ಅಂದ್ರೆ ಅಕ್ಟೋಬರ್‌ನಿಂದ ಡಿಸೆಂಬರ್, ಪಕ್ಕದಲ್ಲಿರುವ ಎರಡಂಕಿ ವರ್ಷ.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರ ಕೈಯಲ್ಲೇ ಹಾಕಿಸಿ. ನಿಮ್ಮ ಅಡುಗೆಮನೆಯ ಉದ್ದ, ಅಗಲ, ಎತ್ತರ ಟೇಪ್ ಹಿಡಿದು ಅಳೆಯಲಿ. ಘನ ಅಡಿಯನ್ನು 28.3ರಿಂದ ಗುಣಿಸಲಿ, ಅದರ ಶೇ. 1.8 ತೆಗೆಯಲಿ, 24.5ರಿಂದ ಭಾಗಿಸಿ 58ರಿಂದ ಗುಣಿಸಲಿ. ಬರುವ ಗ್ರಾಂ ಸಂಖ್ಯೆಯನ್ನು ಸಿಲಿಂಡರ್ ಹಿಂದಿನ ಗೋಡೆಯ ಮೇಲೆ ಬರೆದಿಡಿ. ಪರೀಕ್ಷೆಯಲ್ಲಿ ಅವರಿಗೂ ಉಪಯೋಗ, ರೆಗ್ಯುಲೇಟರ್ ತಿರುಗಿಸಲು ನಿಮಗೂ ನೆನಪು.